ವಿದೇಶದಲ್ಲಿ ಉನ್ನತ ವ್ಯಾಸಂಗ: ಅರ್ಜಿ ಹಾಕುವ ಮುನ್ನ ಹಾಸನ ಸೀಮೆಯ ಹೆತ್ತವರೂ ಮಕ್ಕಳೂ ತಿಳಿದಿರಬೇಕಾದ ವಿಷಯಗಳು

ಹಾಸನದಲ್ಲಿ 1908ರಲ್ಲಿ ಜನಿಸಿದ ರಾಜಾ ರಾವ್ ಅವರು 1929ರಲ್ಲಿ ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನ ಪಡೆದು ಫ್ರಾನ್ಸ್ ದೇಶದ ಮಾಂಪೆಲಿಯೆ ವಿಶ್ವವಿದ್ಯಾಲಯಕ್ಕೆ ಹೋದರು. 1938ರಲ್ಲಿ ಪ್ರಕಟವಾದ ಅವರ 'ಕಾಂತಾಪುರ' ಎಂಬ ಇಂಗ್ಲಿಷ್ ಕಾದಂಬರಿ ಕನ್ನಡ ನಾಡಿನ ಹಳ್ಳಿಯೊಂದನ್ನು ಜಗತ್ತಿಗೆ ಪರಿಚಯಿಸಿತು. ಮುಂದೆ ಅವರು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿ, 2006ರಲ್ಲಿ ಅಲ್ಲಿಯೇ ನಿಧನರಾದರು. ಅದೇ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮ ಅಮೆರಿಕ ಪ್ರವಾಸದ ಕುರಿತು ಬರೆದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೇಮಾವತಿ ತೀರದ ಜನರಿಗೆ ಹೊರದೇಶ ಎಂಬುದು ಅಂದು ಪುಸ್ತಕದಲ್ಲಿ ಓದುವ ಸಂಗತಿಯಾಗಿತ್ತು.

ಇಂದು ಹಾಗಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಬಿ.ಇ. ಅಥವಾ ಬಿ.ಎಸ್ಸಿ. ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಜರ್ಮನಿ, ಕೆನಡಾ, ಐರ್ಲೆಂಡ್ ಎಂಬ ಹೆಸರುಗಳು ಊಟದ ಹೊತ್ತಿಗೆ ಬರುವ ಮಾತುಗಳಾಗಿವೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ರಾಜಾ ರಾವ್ ಹೋದದ್ದು ವಿದ್ಯಾರ್ಥಿವೇತನದ ಮೇಲೆ. ಇಂದು ಸಾಮಾನ್ಯ ಕುಟುಂಬದ ಮಕ್ಕಳಲ್ಲಿ ಹೆಚ್ಚಿನವರು ಹೋಗುವುದು ಸಾಲದ ಮೇಲೆ. ಆ ಸಾಲದ ಹಿಂದೆ ಹೆತ್ತವರ ಮನೆ, ನಿವೇಶನ, ಒಡವೆ, ಕೆಲವೊಮ್ಮೆ ಇಡೀ ಜೀವಮಾನದ ಉಳಿತಾಯ ಇರುತ್ತದೆ. ಆದುದರಿಂದ ಈ ವಿಷಯವನ್ನು ಮಕ್ಕಳಷ್ಟೇ ಅಲ್ಲ, ಹೆತ್ತವರೂ ಅರಿತಿರಬೇಕೆಂಬುದು ನಮ್ಮ ಆಶಯ. ಹಂತ ಹಂತವಾಗಿ ನೋಡೋಣ.

ಮೊದಲು ದೇಶವಲ್ಲ, ಕೋರ್ಸು

ಹಲವರು "ಯಾವ ದೇಶಕ್ಕೆ ಹೋಗಲಿ?" ಎಂದು ಕೇಳುತ್ತಾರೆ. "ಏನು ಓದಲಿ? ಓದಿದ ಮೇಲೆ ಏನಾಗಲಿ?" ಎಂಬುದು ಮೊದಲ ಪ್ರಶ್ನೆಯಾಗಬೇಕು. ಅದಕ್ಕೆ ಉತ್ತರ ಸಿಕ್ಕಿದರೆ ದೇಶದ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ. ಅದೇ ಕೋರ್ಸು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹತ್ತನೇ ಒಂದು ಪಾಲು ಖರ್ಚಿನಲ್ಲಿ ಸಿಗುವಂತಿದ್ದರೆ ಹೊರದೇಶಕ್ಕೆ ಹೋಗುವ ಕಾರಣವನ್ನು ಎರಡು ಬಾರಿ ಯೋಚಿಸುವುದು ಒಳ್ಳೆಯದು.

ಅರ್ಹತೆಯ ವಿಷಯದಲ್ಲಿ ನಮ್ಮ ಮಕ್ಕಳು ಎಡವುವ ಎರಡು ಸ್ಥಳಗಳಿವೆ. ಮೊದಲನೆಯದು ಮೂರು ವರ್ಷದ ಪದವಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ನಮ್ಮ ಮೂರು ವರ್ಷದ ಬಿ.ಎಸ್ಸಿ., ಬಿ.ಕಾಂ. ಪದವಿಯನ್ನು ಸ್ನಾತಕೋತ್ತರ ಪ್ರವೇಶಕ್ಕೆ ಒಪ್ಪುತ್ತವೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಹದಿನಾರು ವರ್ಷಗಳ ಶಿಕ್ಷಣ, ಅಂದರೆ ನಾಲ್ಕು ವರ್ಷದ ಪದವಿಯನ್ನು ಕೇಳುತ್ತವೆ. ಕರ್ನಾಟಕದಲ್ಲಿ 2021ರಲ್ಲಿ ಆರಂಭವಾದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ರಾಜ್ಯ ಸರಕಾರ 2024ರಲ್ಲಿ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಆದುದರಿಂದ ಪದವಿ ಎಷ್ಟು ವರ್ಷದ್ದೆಂಬುದನ್ನು ಆಯಾ ವಿಶ್ವವಿದ್ಯಾಲಯದ ಪ್ರವೇಶ ನಿಯಮದೊಡನೆ ಹೋಲಿಸಿ ನೋಡಬೇಕು.

ಎರಡನೆಯದು ಪಿಯುಸಿ ಮುಗಿದ ಕೂಡಲೇ ಜರ್ಮನಿಗೆ ಹೋಗಬಹುದೆಂಬ ನಂಬಿಕೆ. ಬರೀ ಪಿಯುಸಿ ಅಂಕಪಟ್ಟಿಯ ಮೇಲೆ ಅಲ್ಲಿ ಪದವಿ ತರಗತಿಗೆ ನೇರ ಪ್ರವೇಶ ದೊರೆಯುವುದಿಲ್ಲ. ಜೆಇಇ ಅಡ್ವಾನ್ಸ್‌ಡ್ ತೇರ್ಗಡೆಯಾಗಿರಬೇಕು, ಇಲ್ಲವೇ ಭಾರತದ ಮಾನ್ಯ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಓದಿರಬೇಕು, ಇಲ್ಲವೇ ಅಲ್ಲಿನ ಪೂರ್ವಸಿದ್ಧತಾ ಕಾಲೇಜನ್ನು ಮುಗಿಸಬೇಕು.

ಹೆಸರು ಒಂದೇ ಇರಲಿ

ಇದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಹಾಸನ ಜಿಲ್ಲೆಯ ಮಕ್ಕಳಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಇದೇ.

ನಮ್ಮಲ್ಲಿ ಹೆಸರಿನ ಜೊತೆಗೆ ಇನಿಷಿಯಲ್ ಬರೆಯುವ ರೂಢಿ. ಹುಡುಗನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಎಚ್.ಕೆ.' ಎಂದಿರುತ್ತದೆ. ಎಚ್ ಎಂದರೆ ಊರು, ಕೆ ಎಂದರೆ ತಂದೆ. ಆಧಾರ್ ಕಾರ್ಡಿನಲ್ಲಿ ಬರೀ 'ಮಂಜುನಾಥ' ಎಂದಿರುತ್ತದೆ. ಪದವಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಮುಂದೆ ಬಂದು 'ಎಚ್.ಕೆ. ಮಂಜುನಾಥ್' ಆಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಗೆಯೇ ಬರೆಯಲಾಗುವುದಿಲ್ಲ, ಬಿಡಿಸಿ ಬರೆಯಬೇಕು. ಆಗ ಅದು ಮೂರನೆಯ ರೂಪ ತಾಳುತ್ತದೆ. ಕ್ರೈಸ್ತ ಮನೆಗಳಲ್ಲಿ ಇನ್ನೊಂದು ಸಮಸ್ಯೆಯೂ ಉಂಟು. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಹೆಸರು.

ಹೊರದೇಶದ ವಿಶ್ವವಿದ್ಯಾಲಯದಲ್ಲಿ ಕುಳಿತವರಿಗೆ ಇವರೆಲ್ಲ ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತಾರೆ. ಪಾಸ್‌ಪೋರ್ಟಿನ 'ಸರ್‌ನೇಮ್' ಜಾಗವನ್ನು ಖಾಲಿ ಬಿಟ್ಟರೂ ತೊಂದರೆಯೇ. ಅಮೆರಿಕದ ವೀಸಾದಲ್ಲಿ ಇದ್ದ ಒಂದೇ ಹೆಸರು ಮನೆತನದ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ತಿಳಿದಿಲ್ಲ ಎಂದು ಅಚ್ಚಾಗುತ್ತದೆ. ಅಲ್ಲಿ ಬ್ಯಾಂಕ್ ಖಾತೆಗೂ ಡ್ರೈವಿಂಗ್ ಲೈಸೆನ್ಸಿಗೂ ಅದೇ ಹೆಸರು ಅಂಟಿಕೊಳ್ಳುತ್ತದೆ.

ಪರಿಹಾರ ಕಷ್ಟವಿಲ್ಲ, ಆದರೆ ಬೇಗ ಮಾಡಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ತಿದ್ದುಪಡಿ ಅರ್ಜಿ ಸಲ್ಲಿಸಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಇನಿಷಿಯಲ್ ಹೇಗೆ ಬಿಡಿಸಬೇಕೆಂದು ಮನೆಯಲ್ಲಿ ಒಮ್ಮೆ ತೀರ್ಮಾನಿಸಿ, ಅದನ್ನೇ ಪಾಸ್‌ಪೋರ್ಟಿನಲ್ಲಿ ಬರೆಸಿ, ಮುಂದಿನ ಪ್ರತಿಯೊಂದು ಅರ್ಜಿಯಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಬೇಕು. ಉಳಿದ ವ್ಯತ್ಯಾಸಗಳಿಗೆ 'ಇವರೆಲ್ಲ ಒಬ್ಬರೇ' ಎಂಬ ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಆದರೆ ಅಫಿಡವಿಟ್ಟು ಎಲ್ಲ ಕಡೆಯೂ ನಡೆಯುತ್ತದೆಂದು ನಂಬಿ ಕೂರಬೇಡಿ.

ಪಾಸ್‌ಪೋರ್ಟಿಗಾಗಿ ಈಗ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಹಾಸನದ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಆನ್‌ಲೈನಿನಲ್ಲಿ ಅರ್ಜಿ ತುಂಬಿ, ದಿನ ಗೊತ್ತುಮಾಡಿಕೊಂಡು, ಮೂಲ ದಾಖಲೆಗಳೊಡನೆ ಹೋದರೆ ಸಾಕು. ಅನಂತರ ವಾಸದ ಊರಿನ ಠಾಣೆಯಿಂದ ಪೊಲೀಸ್ ಪರಿಶೀಲನೆ ನಡೆಯುತ್ತದೆ. ಓದು ಮುಗಿಯುವ ವರ್ಷದಲ್ಲೇ ಇದನ್ನು ಮಾಡಿಸಿಡುವುದು ಜಾಣತನ.

ಅಂಕಪಟ್ಟಿ ಮತ್ತು ಇಂಗ್ಲಿಷ್ ಪರೀಕ್ಷೆ

ವಿದೇಶಿ ವಿಶ್ವವಿದ್ಯಾಲಯಗಳು ಸೆಮಿಸ್ಟರಿನ ಅಂಕಪಟ್ಟಿಗಳ ಜೊತೆಗೆ 'ಟ್ರಾನ್ಸ್‌ಕ್ರಿಪ್ಟ್' ಕೇಳುತ್ತವೆ. ಎಲ್ಲ ಸೆಮಿಸ್ಟರುಗಳ ವಿಷಯ ಹಾಗೂ ಅಂಕಗಳನ್ನು ಒಂದೇ ಕಡೆ ಕೊಟ್ಟು ವಿಶ್ವವಿದ್ಯಾಲಯವೇ ಮುದ್ರೆ ಒತ್ತಿದ ಪತ್ರವಿದು. ಇಂಜಿನಿಯರಿಂಗ್ ಓದಿದವರಿಗೆ ಇದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕ್ರಮದಲ್ಲಿ ಬರಬೇಕು. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದಿದವರು ತಮ್ಮ ಪದವಿ ಪ್ರಮಾಣಪತ್ರದಲ್ಲಿ ಯಾವ ವಿಶ್ವವಿದ್ಯಾಲಯದ ಹೆಸರಿದೆಯೆಂದು ನೋಡಿಕೊಳ್ಳಬೇಕು. ಜಿಲ್ಲೆಯ ಕಾಲೇಜುಗಳು ಬಹುಕಾಲ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಹೇಮಗಂಗೋತ್ರಿಯಲ್ಲಿ ಹಾಸನ ವಿಶ್ವವಿದ್ಯಾಲಯ ಆರಂಭವಾದದ್ದು ಇತ್ತೀಚೆಗೆ. ಹಳೆಯ ವಿದ್ಯಾರ್ಥಿಗಳು ಟ್ರಾನ್ಸ್‌ಕ್ರಿಪ್ಟಿಗೆ ಮೈಸೂರಿಗೇ ಅರ್ಜಿ ಹಾಕಬೇಕು. ಒಂದೇ ಸಲಕ್ಕೆ ಐದಾರು ಪ್ರತಿಗಳನ್ನು ತೆಗೆಸಿಕೊಂಡರೆ ಓಡಾಟ ತಪ್ಪುತ್ತದೆ.

ಹಿಂದೆ ಅನುತ್ತೀರ್ಣರಾಗಿ ಮರಳಿ ಬರೆದ ವಿಷಯಗಳಿದ್ದರೆ ಅಡಗಿಸಬೇಡಿ. ಒಂದೆರಡು ವಿಷಯ ಉಳಿದಿದ್ದರಿಂದ ಬಾಗಿಲು ಮುಚ್ಚುವುದಿಲ್ಲ. ಅಡಗಿಸಿದ್ದು ಹೊರಬಿದ್ದರೆ ಪ್ರವೇಶವೇ ರದ್ದಾಗುತ್ತದೆ.

ಇಂಗ್ಲಿಷಿಗೆ ಐಇಎಲ್‌ಟಿಎಸ್, ಟೋಫೆಲ್, ಪಿಟಿಇ ಎಂಬ ಪರೀಕ್ಷೆಗಳಿವೆ. ಇವುಗಳ ಅಂಕ ಎರಡು ವರ್ಷ ಮಾತ್ರ ಊರ್ಜಿತ. ಅಮೆರಿಕದ ಕೆಲವು ಕೋರ್ಸುಗಳು ಕೇಳುವ ಜಿಆರ್‌ಇ ಅಂಕ ಐದು ವರ್ಷ ನಡೆಯುತ್ತದೆ. ಪರೀಕ್ಷೆಗೆ ಮೈಸೂರು, ಮಂಗಳೂರು ಅಥವಾ ಬೆಂಗಳೂರಿಗೆ ಹೋಗಬೇಕು. 2017ರಲ್ಲಿ ಚನ್ನರಾಯಪಟ್ಟಣ, ಶ್ರವಣಬೆಳಗೊಳಗಳ ಮೂಲಕ ಹಾಸನ-ಬೆಂಗಳೂರು ರೈಲು ಮಾರ್ಗ ತೆರೆದ ಮೇಲೆ ಈ ಓಡಾಟ ಮೊದಲಿಗಿಂತ ಹಗುರವಾಗಿದೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಈ ಪರೀಕ್ಷೆಗೆ ಹೆದರುತ್ತಾರೆ. ಹೆದರಬೇಕಾಗಿಲ್ಲ. ಇದು ವ್ಯಾಕರಣದ ಪಾಂಡಿತ್ಯವನ್ನು ಅಳೆಯುವ ಪರೀಕ್ಷೆಯಲ್ಲ. ಕೇಳಿ ಅರ್ಥಮಾಡಿಕೊಳ್ಳುವುದು, ಓದುವುದು, ಬರೆಯುವುದು, ಮಾತನಾಡುವುದು, ಈ ನಾಲ್ಕನ್ನು ನೋಡುತ್ತದೆ. ದಿನಕ್ಕೊಂದು ಗಂಟೆಯಂತೆ ಆರು ತಿಂಗಳು ಅಭ್ಯಾಸ ಮಾಡಿದವರು ಗಣನೀಯವಾಗಿ ಸುಧಾರಿಸಬಲ್ಲರು. ಬಾಯಿಪಾಠ ಮಾಡಿದ ಉತ್ತರಗಳು ಮಾತ್ರ ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತವೆ.

ಅರ್ಜಿಯಲ್ಲಿ ನಿಮ್ಮ ದನಿ ಇರಲಿ

ಅರ್ಜಿಯ ಜೊತೆ ಉದ್ದೇಶ ಪತ್ರವೊಂದನ್ನು ಬರೆಯಬೇಕಾಗುತ್ತದೆ. ಈ ವಿಷಯವನ್ನೇ ಏಕೆ ಆರಿಸಿದಿರಿ, ಈವರೆಗೆ ಏನು ಮಾಡಿದ್ದೀರಿ, ಓದಿದ ಮೇಲೆ ಏನು ಮಾಡುವಿರಿ ಎಂಬುದನ್ನು ಒಂದೆರಡು ಪುಟಗಳಲ್ಲಿ ತಿಳಿಸುವ ಪತ್ರವದು. ಇದನ್ನು ದುಡ್ಡು ಕೊಟ್ಟು ಬರೆಸುವವರಿದ್ದಾರೆ. ಹಾಗೆ ಬರೆಸಿದ ಪತ್ರಗಳು ಒಂದರಂತೆ ಇನ್ನೊಂದು ಇರುತ್ತವೆ. ನಕಲು ಹಿಡಿಯುವ ತಂತ್ರಾಂಶಗಳು ವಿಶ್ವವಿದ್ಯಾಲಯಗಳಲ್ಲಿವೆ.

ನಮ್ಮ ಸಲಹೆ ಇಷ್ಟೇ. ಮೊದಲು ಕನ್ನಡದಲ್ಲಿ ಬರೆಯಿರಿ. ಮನಸ್ಸಿನಲ್ಲಿರುವುದು ಆಗ ಸರಾಗವಾಗಿ ಬರುತ್ತದೆ. ಅರಕಲಗೂಡಿನ ಹುಡುಗಿಯೊಬ್ಬಳು ಮನೆಯ ಆಲೂಗೆಡ್ಡೆ ಬೆಳೆ ಅಂಗಮಾರಿ ರೋಗದಿಂದ ಹಾಳಾದುದನ್ನು ಕಂಡು ಸಸ್ಯರೋಗ ಶಾಸ್ತ್ರ ಓದಬೇಕೆಂದುಕೊಂಡಿದ್ದರೆ, ಆ ಒಂದು ಮಾತು ಹತ್ತು ಅಲಂಕಾರದ ವಾಕ್ಯಗಳಿಗಿಂತ ತೂಕದ್ದು. ಬಳಿಕ ಅದನ್ನು ಸರಳ ಇಂಗ್ಲಿಷಿಗೆ ತನ್ನಿ, ತಿಳಿದವರಿಂದ ತಪ್ಪು ತಿದ್ದಿಸಿ.

ಶಿಫಾರಸು ಪತ್ರಗಳನ್ನು ನಿಮಗೆ ಪಾಠ ಮಾಡಿದ ಅಧ್ಯಾಪಕರಿಂದಲೇ ಪಡೆಯಬೇಕು. ವಿಶ್ವವಿದ್ಯಾಲಯಗಳು ಕಾಲೇಜಿನ ಅಧಿಕೃತ ಇ-ಮೇಲ್ ವಿಳಾಸದಿಂದ ಬಂದ ಪತ್ರಕ್ಕೆ ಹೆಚ್ಚು ಬೆಲೆ ಕೊಡುತ್ತವೆ. ಅಧ್ಯಾಪಕರಿಗೆ ಕನಿಷ್ಠ ಒಂದು ತಿಂಗಳ ಸಮಯ ಕೊಡಿ.

ಕಾಲದ ಲೆಕ್ಕ ಹೀಗಿರಲಿ. ಸೆಪ್ಟೆಂಬರಿನಲ್ಲಿ ತರಗತಿ ಸೇರಬೇಕಾದರೆ ಹಿಂದಿನ ವರ್ಷದ ಜೂನ್-ಜುಲೈನಲ್ಲಿ ಸಿದ್ಧತೆ ಆರಂಭಿಸಬೇಕು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳ ಗಡುವು ಡಿಸೆಂಬರ್-ಜನವರಿ. ಜರ್ಮನಿಯ ಚಳಿಗಾಲದ ಸೆಮಿಸ್ಟರಿಗೆ ಹಲವೆಡೆ ಜುಲೈ 15. ಆದರೆ ವಿದೇಶಿ ವಿದ್ಯಾರ್ಥಿಗಳಿಗೆ ಅದಕ್ಕೂ ಮೊದಲೇ ಮುಗಿಯುವ ಕೋರ್ಸುಗಳು ಬಹಳ.

ಹಣ: ಮನೆಯವರೆಲ್ಲ ಕುಳಿತು ಲೆಕ್ಕ ಹಾಕಿ

ಇಲ್ಲಿ ನಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ. ಏಕೆಂದರೆ ಕುಟುಂಬಗಳು ಸೋಲುವುದು ಇಲ್ಲಿಯೇ.

ಬ್ಯಾಂಕುಗಳ ಸಾಮಾನ್ಯ ಶಿಕ್ಷಣ ಸಾಲದ ಯೋಜನೆಯಲ್ಲಿ 7.5 ಲಕ್ಷ ರೂಪಾಯಿಗಿಂತ ಹೆಚ್ಚಿನ ಸಾಲಕ್ಕೆ ಆಸ್ತಿಯ ಆಧಾರ ಬೇಕು. ಕೆಲವು ಬ್ಯಾಂಕುಗಳು ಆಯ್ದ ವಿಶ್ವವಿದ್ಯಾಲಯಗಳಿಗೆ ಮಾತ್ರ ಆಧಾರವಿಲ್ಲದೆ ದೊಡ್ಡ ಮೊತ್ತ ಕೊಡುತ್ತವೆ. "ನಮಗೆ ನಾಲ್ಕು ಎಕರೆ ತೆಂಗಿನ ತೋಟವಿದೆ, ಸಾಲ ಸಿಕ್ಕೇ ಸಿಗುತ್ತದೆ" ಎಂದು ಚನ್ನರಾಯಪಟ್ಟಣದ ಕಡೆಯ ತಂದೆಯೊಬ್ಬರು ಭಾವಿಸುವುದು ಸಹಜ. ಆದರೆ ಶಿಕ್ಷಣ ಸಾಲಕ್ಕೆ ಕೃಷಿ ಭೂಮಿಯನ್ನು ಆಧಾರವಾಗಿ ತೆಗೆದುಕೊಳ್ಳಲು ಬ್ಯಾಂಕುಗಳು ಹಿಂಜರಿಯುತ್ತವೆ. ಕಾರಣವಿದೆ. ನ್ಯಾಯಾಲಯಕ್ಕೆ ಹೋಗದೆ ಆಸ್ತಿ ವಶಪಡಿಸಿಕೊಳ್ಳುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟ 2002ರ ಸರ್ಫೇಸಿ ಕಾಯಿದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ರೈತನ ರಕ್ಷಣೆಗೆಂದು ಇಟ್ಟ ವಿನಾಯಿತಿಯೇ ಇಲ್ಲಿ ಸಾಲಕ್ಕೆ ಅಡ್ಡಿಯಾಗುತ್ತದೆ. ಆದುದರಿಂದ ಬ್ಯಾಂಕು ಕೇಳುವುದು ಮನೆ, ನಿವೇಶನ ಅಥವಾ ಠೇವಣಿ. ಹಳ್ಳಿಯ ಮನೆಯಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ ಸರಿಯಾಗಿರಬೇಕು. ತಾತನ ಹೆಸರಿನಲ್ಲೇ ಉಳಿದ ಮನೆ, ಅಣ್ಣತಮ್ಮಂದಿರ ನಡುವೆ ವಿಭಾಗವಾಗದ ಆಸ್ತಿ, ಇವು ಸಾಲದ ಕಡತವನ್ನು ತಿಂಗಳುಗಟ್ಟಲೆ ನಿಲ್ಲಿಸುತ್ತವೆ. ಮಗ ಐಇಎಲ್‌ಟಿಎಸ್‌ಗೆ ಓದುತ್ತಿರುವಾಗಲೇ ತಂದೆ ಖಾತೆ ಬದಲಾವಣೆಗೆ ಓಡಾಡಬೇಕು.

ಆದಾಯದ ದಾಖಲೆಯೂ ಅಷ್ಟೇ ಮುಖ್ಯ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ನಮ್ಮ ರೈತರು ರಿಟರ್ನ್ಸ್ ಸಲ್ಲಿಸಿರುವುದಿಲ್ಲ. ಬ್ಯಾಂಕೂ ವೀಸಾ ಅಧಿಕಾರಿಯೂ ಕಾಗದ ಕೇಳುತ್ತಾರೆ. ರಾಮನಾಥಪುರದ ಮಾರುಕಟ್ಟೆಯಲ್ಲಿ ತಂಬಾಕು ಮಾರುವ ಅರಕಲಗೂಡಿನ ಬೆಳೆಗಾರರಿಗೆ ತಂಬಾಕು ಮಂಡಳಿಯ ಹರಾಜಿನ ಹಣ ಬ್ಯಾಂಕ್ ಖಾತೆಗೇ ಬರುವುದರಿಂದ ದಾಖಲೆ ತಾನಾಗಿಯೇ ಇರುತ್ತದೆ. ತೆಂಗಿನಕಾಯಿ, ಕೊಬ್ಬರಿ, ಆಲೂಗೆಡ್ಡೆಗಳನ್ನು ನಗದಿಗೆ ಮಾರುವವರಿಗೆ ಇದಿಲ್ಲ. ಅಂಥವರು ಎರಡು ವರ್ಷ ಮುಂಚಿನಿಂದಲೇ ಬಿಲ್ಲುಗಳನ್ನು ಇಟ್ಟು, ಹಣವನ್ನು ಖಾತೆಗೆ ಹಾಕುತ್ತಾ ಬರಬೇಕು. ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯ ಮೂಲಕ ಪಡೆಯಬಹುದು. ವೀಸಾಕ್ಕೆ ಒಂದು ವಾರ ಮುಂಚೆ ನೆಂಟರಿಂದ ಹತ್ತು ಲಕ್ಷ ತಂದು ಖಾತೆಯಲ್ಲಿ ತೋರಿಸುವುದು ಹಳೆಯ ಉಪಾಯ. ಅಧಿಕಾರಿಗಳು ಮೊದಲು ಹುಡುಕುವುದೇ ಅದನ್ನು.

ಈಗ ಮರುಪಾವತಿಯ ಲೆಕ್ಕ. 25 ಲಕ್ಷ ಸಾಲ, ಬಡ್ಡಿ ಶೇಕಡ 10 ಎಂದಿಟ್ಟುಕೊಳ್ಳೋಣ. ಎರಡು ವರ್ಷದ ಓದು, ಮೇಲೆ ಒಂದು ವರ್ಷ ಬಿಡುವು. ಪೂರ್ತಿ ಹಣ ಮೊದಲೇ ಎತ್ತಿದ್ದರೆ ಮೂರು ವರ್ಷಕ್ಕೆ ಸರಳ ಬಡ್ಡಿಯೇ 7.5 ಲಕ್ಷ. ಬಾಕಿ 32.5 ಲಕ್ಷವನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 43,000 ರೂಪಾಯಿ ಕಂತು ಬೀಳುತ್ತದೆ. ಕಂತುಗಳಲ್ಲಿ ಹಣ ಎತ್ತಿದರೆ, ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ಈ ಹೊರೆ ತಗ್ಗುತ್ತದೆ. ಹೊರದೇಶದಲ್ಲಿ ಕೆಲಸ ಸಿಕ್ಕಿದರೆ ಈ ಕಂತು ದೊಡ್ಡದಲ್ಲ. ಸಿಗದೆ ಊರಿಗೆ ಮರಳಿದರೆ? ಆ ಪ್ರಶ್ನೆಗೆ ಮನೆಯವರೆಲ್ಲ ಒಟ್ಟಿಗೆ ಕುಳಿತು ಉತ್ತರ ಕಂಡುಕೊಂಡ ಮೇಲೆಯೇ ಸಹಿ ಹಾಕಬೇಕು.

ರೂಪಾಯಿಯ ಬೆಲೆ ಇಳಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜರ್ಮನಿಗೆ ಹೋಗುವವರು ವರ್ಷಕ್ಕೆ 11,904 ಯೂರೋ ಖಾತೆಯಲ್ಲಿ ತೋರಿಸಬೇಕೆಂದು 2024ರ ಸೆಪ್ಟೆಂಬರಿನಲ್ಲಿ ನಿಗದಿಯಾಯಿತು. ಒಂದು ಯೂರೋಗೆ ಐದು ರೂಪಾಯಿ ಏರಿದರೆ ಅದೊಂದಕ್ಕೇ 59,520 ರೂಪಾಯಿ ಹೆಚ್ಚು ಬೇಕಾಗುತ್ತದೆ.

ಇನ್ನೊಂದು ಮಾಹಿತಿ. ಮಾನ್ಯ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಹೊರದೇಶಕ್ಕೆ ಕಳುಹಿಸುವ ಶುಲ್ಕಕ್ಕೆ 2025ರ ಏಪ್ರಿಲ್ 1ರಿಂದ ಟಿಸಿಎಸ್ ಎಂಬ ತೆರಿಗೆ ಹಿಡಿಯುವುದಿಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ಮೀರಿದ ಭಾಗಕ್ಕೆ ಹಿಡಿಯುತ್ತಾರೆ. ರಿಟರ್ನ್ಸ್ ಸಲ್ಲಿಸಿದರೆ ಅದನ್ನು ಹೊಂದಿಸಿಕೊಳ್ಳಬಹುದು ಇಲ್ಲವೇ ಮರಳಿ ಪಡೆಯಬಹುದು.

ವಿದ್ಯಾರ್ಥಿವೇತನ ಮತ್ತು ಸರಕಾರದ ನೆರವು

ಬ್ರಿಟನ್ನಿನ ಚೀವ್ನಿಂಗ್ ಹಾಗೂ ಕಾಮನ್‌ವೆಲ್ತ್, ಅಮೆರಿಕದ ಫುಲ್‌ಬ್ರೈಟ್-ನೆಹರು, ಜರ್ಮನಿಯ ಡಿಎಎಡಿ, ಯುರೋಪಿನ ಇರಾಸ್ಮಸ್ ಮುಂಡಸ್, ಇವು ಹೆಸರಾಂತ ವಿದ್ಯಾರ್ಥಿವೇತನಗಳು. ಚೀವ್ನಿಂಗ್‌ಗೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಇವು ದೊಡ್ಡ ನಗರದ ಮಕ್ಕಳಿಗೆ ಮಾತ್ರ ಎಂದು ಭಾವಿಸಿ ಅರ್ಜಿಯನ್ನೇ ಹಾಕದಿರುವುದು ನಮ್ಮ ದೊಡ್ಡ ನಷ್ಟ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ರಾಜ್ಯ ಸರಕಾರ 'ಪ್ರಬುದ್ಧ' ಯೋಜನೆಯನ್ನು ರೂಪಿಸಿತು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ವಿದೇಶ ವ್ಯಾಸಂಗಕ್ಕೆ ಸಾಲ ಯೋಜನೆಯನ್ನು ತಂದಿದೆ. ಇವುಗಳ ಆದಾಯ ಮಿತಿ, ಮೊತ್ತ, ಕೊನೆಯ ದಿನಾಂಕಗಳು ವರ್ಷ ವರ್ಷ ಬದಲಾಗುವುದರಿಂದ ಹಾಸನದ ಜಿಲ್ಲಾ ಕಚೇರಿಗಳಲ್ಲಿ ಆ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ಸಹಾಯಧನ ಕೊಡುತ್ತಿದ್ದ ಕೇಂದ್ರದ 'ಪಢೋ ಪರದೇಸ್' ಯೋಜನೆ 2022-23ರಿಂದ ನಿಂತುಹೋಗಿದೆ. ಅದನ್ನು ನಂಬಿ ಯಾರೂ ಲೆಕ್ಕ ಹಾಕಬೇಡಿ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯೂ ಭಾರತದೊಳಗಿನ ಸಂಸ್ಥೆಗಳಿಗೆ ಮಾತ್ರ.

ವೀಸಾ: ದೇಶಕ್ಕೊಂದು ನಿಯಮ

ಪ್ರವೇಶ ಪತ್ರ ಸಿಕ್ಕಿದ ಮಾತ್ರಕ್ಕೆ ವೀಸಾ ಸಿಕ್ಕಿದಂತಲ್ಲ. ಮುಖ್ಯ ದೇಶಗಳ ಬದಲಾದ ನಿಯಮಗಳನ್ನು ಚುಟುಕಾಗಿ ಹೇಳುತ್ತೇವೆ.

ಜರ್ಮನಿ: 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಗಳನ್ನು ಎಪಿಎಸ್ ಎಂಬ ಸಂಸ್ಥೆಯಿಂದ ಪರಿಶೀಲನೆ ಮಾಡಿಸುವುದು ಕಡ್ಡಾಯ. ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಾಗಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ ಇದೆ. ಖಾಸಗಿ ವಿಶ್ವವಿದ್ಯಾಲಯಗಳ ಶುಲ್ಕ ಬೇರೆಯೇ.

ಬ್ರಿಟನ್: ಶುಲ್ಕದ ಜೊತೆಗೆ ಒಂಬತ್ತು ತಿಂಗಳವರೆಗಿನ ಜೀವನ ವೆಚ್ಚ ಸತತ 28 ದಿನ ಖಾತೆಯಲ್ಲಿರಬೇಕು. 2024ರ ಜನವರಿಯಿಂದ ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗಳು ಗಂಡ, ಹೆಂಡತಿ, ಮಕ್ಕಳನ್ನು ಅವಲಂಬಿತರೆಂದು ಕರೆದೊಯ್ಯುವಂತಿಲ್ಲ.

ಕೆನಡಾ: ಬೇಗ ವೀಸಾ ಕೊಡುತ್ತಿದ್ದ ಎಸ್‌ಡಿಎಸ್ ವ್ಯವಸ್ಥೆ 2024ರ ನವೆಂಬರ್ 8ರಂದು ಮುಚ್ಚಿತು. ತೋರಿಸಬೇಕಾದ ಹಣ 2025ರ ಸೆಪ್ಟೆಂಬರಿನಿಂದ 22,895 ಕೆನಡಾ ಡಾಲರಿಗೆ ಏರಿತು. ಶುಲ್ಕ, ಪ್ರಯಾಣ ವೆಚ್ಚ ಇದರ ಹೊರಗೆ.

ಆಸ್ಟ್ರೇಲಿಯಾ: 2025ರ ಜುಲೈಯಿಂದ ವೀಸಾ ಅರ್ಜಿಯ ಶುಲ್ಕವೇ 2,000 ಆಸ್ಟ್ರೇಲಿಯನ್ ಡಾಲರ್. ವೀಸಾ ತಿರಸ್ಕೃತವಾದರೆ ಸಾಮಾನ್ಯವಾಗಿ ಇದು ಮರಳಿ ಬರುವುದಿಲ್ಲ.

ಅಮೆರಿಕ: ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ, 350 ಡಾಲರ್ ಸೆವಿಸ್ ಶುಲ್ಕ, ಅನಂತರ ಮುಖಾಮುಖಿ ಸಂದರ್ಶನ. 2025ರ ಜೂನಿನಿಂದ ವಿದ್ಯಾರ್ಥಿಗಳು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು.

"ಅಲ್ಲಿ ಹೋಗಿ ಪಾರ್ಟ್ ಟೈಮ್ ದುಡಿದು ಶುಲ್ಕ ಕಟ್ಟುತ್ತೇನೆ" ಎನ್ನುವ ಮಕ್ಕಳಿಗೆ ಒಂದು ಮಾತು. ಓದುವಾಗ ದುಡಿಯುವ ಸಮಯಕ್ಕೆ ಎಲ್ಲ ದೇಶಗಳಲ್ಲೂ ಮಿತಿಯಿದೆ. ಅಮೆರಿಕದಲ್ಲಿ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ಸಿನೊಳಗೆ. ಕೆನಡಾದಲ್ಲಿ 24 ಗಂಟೆ. ಆ ಸಂಪಾದನೆ ಊಟ-ಬಾಡಿಗೆಯ ಒಂದು ಪಾಲಿಗೆ ಸಾಕಾದೀತು, ಶುಲ್ಕಕ್ಕಲ್ಲ.

ಏಜೆಂಟರ ವಿಷಯದಲ್ಲಿ ಎಚ್ಚರ

ಎಲ್ಲ ಸಲಹೆಗಾರರೂ ಮೋಸಗಾರರಲ್ಲ. ಆದರೆ ಹಲವರಿಗೆ ಮಕ್ಕಳನ್ನು ಸೇರಿಸಿದ್ದಕ್ಕೆ ವಿದೇಶಿ ಕಾಲೇಜುಗಳೇ ಕಮಿಷನ್ ಕೊಡುತ್ತವೆ. ಹಾಗಾಗಿ ಅವರು ತೋರಿಸುವ ಪಟ್ಟಿಯಲ್ಲಿ ಕಮಿಷನ್ ಕೊಡುವ ಕಾಲೇಜುಗಳೇ ಮೇಲಿರುವುದು ಸಹಜ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯವನ್ನು ಬಿಟ್ಟು ದುಬಾರಿ ಖಾಸಗಿ ಕಾಲೇಜನ್ನೇ ಹೊಗಳುತ್ತಿದ್ದರೆ ಕಾರಣ ಕೇಳಿ.

ಮೋಸದ ಉದಾಹರಣೆಗಳೂ ಕಡಿಮೆಯಿಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಎಂಬ ವಿಶ್ವವಿದ್ಯಾಲಯ ಮುಚ್ಚಿದಾಗ ಅಲ್ಲಿದ್ದ ನೂರಾರು ಭಾರತೀಯ ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಕೆಲವರ ಕಾಲಿಗೆ ನಿಗಾ ಇಡುವ ರೇಡಿಯೋ ಪಟ್ಟಿಯನ್ನೂ ಕಟ್ಟಲಾಯಿತು. 2023ರಲ್ಲಿ ಕೆನಡಾದಲ್ಲಿ, ಹೆಚ್ಚಾಗಿ ಪಂಜಾಬಿನ ಮಕ್ಕಳು, ಏಜೆಂಟ್ ಕೊಟ್ಟಿದ್ದ ಪ್ರವೇಶ ಪತ್ರವೇ ನಕಲಿಯೆಂದು ವರ್ಷಗಳ ಬಳಿಕ ತಿಳಿದು ಗಡೀಪಾರಿನ ಭೀತಿ ಎದುರಿಸಿದರು. ಅನಂತರ ಕೆನಡಾ ಪ್ರತಿಯೊಂದು ಪ್ರವೇಶ ಪತ್ರವನ್ನೂ ಕಾಲೇಜಿನಿಂದಲೇ ದೃಢಪಡಿಸಿಕೊಳ್ಳುವ ನಿಯಮ ತಂದಿತು.

ಆದುದರಿಂದ ಈ ನಾಲ್ಕನ್ನು ಪಾಲಿಸಿ. ಒಂದು, ಅರ್ಜಿಯಲ್ಲಿ ವಿದ್ಯಾರ್ಥಿಯ ಸ್ವಂತ ಇ-ಮೇಲ್ ಮತ್ತು ಫೋನ್ ಇರಲಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ. ಎರಡು, ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಬ್ಯಾಂಕಿನ ಮೂಲಕ ಕಟ್ಟಿ, ಏಜೆಂಟರ ಕೈಗೆ ನಗದು ಕೊಡಬೇಡಿ. ಮೂರು, ಕಾಲೇಜು ಆ ದೇಶದ ಸರಕಾರದ ಪಟ್ಟಿಯಲ್ಲಿದೆಯೇ ನೋಡಿ. ಆಸ್ಟ್ರೇಲಿಯಾಕ್ಕೆ ಕ್ರೈಕೋಸ್ ಪಟ್ಟಿ, ಕೆನಡಾಕ್ಕೆ ಡಿಎಲ್‌ಐ ಪಟ್ಟಿ. ಇವೆಲ್ಲ ಉಚಿತ. ನಾಲ್ಕು, ಮೂಲ ಅಂಕಪಟ್ಟಿಗಳನ್ನು ಯಾರ ಬಳಿಯೂ ಬಿಡಬೇಡಿ.

ವೈದ್ಯಕೀಯ ಓದಲು ಹೋಗುವವರಿಗೆ

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಮ್ಮ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದುದನ್ನು ನಾಡು ಮರೆತಿಲ್ಲ. ಒಳ್ಳೆಯ ಅಂಕ ಪಡೆದ ಮಕ್ಕಳೂ ಇಲ್ಲಿನ ಖಾಸಗಿ ಕಾಲೇಜಿನ ಶುಲ್ಕ ಭರಿಸಲಾಗದೆ ಅಷ್ಟು ದೂರ ಹೋಗಬೇಕಾಯಿತೆಂಬ ನೋವಿನ ಪ್ರಶ್ನೆ ಅಂದು ಎದ್ದಿತು.

ಹೋಗುವುದೇ ಆದರೆ ನಿಯಮ ತಿಳಿದು ಹೋಗಿ. ಹೊರಡುವ ಮುನ್ನ ನೀಟ್ ಅರ್ಹತೆ ಪಡೆದಿರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರಿನಲ್ಲಿ ಹೊರಡಿಸಿದ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳದ್ದಾಗಿರಬೇಕು, ಇಂಗ್ಲಿಷಿನಲ್ಲಿ ಕಲಿಸಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು, ಆ ದೇಶದಲ್ಲಿಯೂ ವೈದ್ಯರಾಗಿ ನೋಂದಣಿಯಾಗುವ ಅರ್ಹತೆ ಇರಬೇಕು. ಮರಳಿದ ಮೇಲೆ ಇಲ್ಲಿನ ಅರ್ಹತಾ ಪರೀಕ್ಷೆ ಮತ್ತು ಮತ್ತೊಂದು ವರ್ಷದ ಇಂಟರ್ನ್‌ಶಿಪ್. ಆ ಪರೀಕ್ಷೆಯಲ್ಲಿ ಬರೆದವರ ಅರ್ಧಕ್ಕಿಂತ ಹೆಚ್ಚು ಮಂದಿ ಅನುತ್ತೀರ್ಣರಾಗುವುದು ಮಾಮೂಲು. ಇದರಲ್ಲಿ ಒಂದು ಷರತ್ತು ತಪ್ಪಿದರೂ ಆರು ವರ್ಷದ ಶ್ರಮ ವ್ಯರ್ಥವಾದೀತು.

ಹೊರಟ ಮೇಲೆ

ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ವಿದ್ಯಾರ್ಥಿಗಳು ಹೆಸರು ನೋಂದಾಯಿಸಿಕೊಳ್ಳಬಹುದು. ಆಪತ್ತು ಬಂದಾಗ ರಾಯಭಾರ ಕಚೇರಿಗೆ ನೀವಿರುವ ಸ್ಥಳ ತಿಳಿದಿರುತ್ತದೆ. ಕಣ್ಣಾರೆ ನೋಡದ ಕೋಣೆಗೆ ಮುಂಗಡ ಕಳುಹಿಸಬೇಡಿ. ಮೊದಲ ಕೆಲವು ವಾರ ವಿಶ್ವವಿದ್ಯಾಲಯದ ಹಾಸ್ಟೆಲಿಗೇ ಯತ್ನಿಸಿ. ಊರಿಗೆ ಮರಳಿ ಸರಕಾರಿ ಕೆಲಸ ಅಥವಾ ಸಂಶೋಧನೆಗೆ ಸೇರುವ ಯೋಚನೆಯಿದ್ದರೆ, ವಿದೇಶಿ ಪದವಿಗಳ ಸಮಾನತೆಯ ಕುರಿತು ಯುಜಿಸಿ 2025ರಲ್ಲಿ ಹೊರಡಿಸಿದ ನಿಯಮಗಳನ್ನು ಸೇರುವ ಮೊದಲೇ ಓದಿ.

ಹೆತ್ತವರಿಗೆ ನಮ್ಮ ಕೊನೆಯ ವಿನಂತಿ. ಹೋದ ಮಕ್ಕಳು ಮೊದಲ ಚಳಿಗಾಲದಲ್ಲಿ ಒಂಟಿತನದಿಂದ ಕುಗ್ಗುತ್ತಾರೆ. ಮನೆಯವರು ಸಾಲ ಮಾಡಿದ್ದಾರೆಂಬ ಅಳುಕಿನಿಂದ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಫೋನಿನಲ್ಲಿ "ಕೆಲಸ ಸಿಕ್ಕಿತಾ?" ಎಂದು ಕೇಳುವ ಮೊದಲು "ಊಟ ಆಯಿತಾ?" ಎಂದು ಕೇಳಿ. ಒಂದು ವಿಷಯದಲ್ಲಿ ಸೋತೆನೆಂದು ಮಗಳು ಹೇಳಿದರೆ ಸಾಲದ ನೆನಪು ಮಾಡಿಕೊಡಬೇಡಿ. ಹಾಗೆಯೇ, ಈ ವರ್ಷ ಬೇಡ, ಇನ್ನೊಂದು ವರ್ಷ ಇಲ್ಲಿಯೇ ದುಡಿದು ಅನುಭವ ಪಡೆದು ಹೋಗುತ್ತೇನೆ ಎಂದು ಮಗ ಹೇಳಿದರೆ ಅದನ್ನು ಹಿಂಜರಿಕೆ ಎನ್ನಬೇಡಿ. ತಡವಾಗಿ ಹೊರಟರೂ ಸಿದ್ಧನಾಗಿ ಹೊರಟವನು ದಾರಿ ತಪ್ಪುವುದು ಕಡಿಮೆ. ಹೊರಡುವ ಎಲ್ಲ ಮಕ್ಕಳಿಗೂ ಶುಭವಾಗಲಿ.